ಸುಬೇದಾರರೇ, ಮೊದಲು ಬಂದೂಕು ಕೆಳಗಿಡಿ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಬಾಡಿಗೆದಾರರೊಬ್ಬರು, ಮನೆ ಖಾಲಿ ಮಾಡುವಾಗ ತಾವೇ ಹೊಡೆಸಿದ ಮೊಳೆಗಳನ್ನೂ ಕಿತ್ತುಕೊಂಡು ಹೋಗಬಹುದೇ ಎಂದು ಕೇಳಿದ್ದರು. "ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್ ಹೊರಡಿ, ಮೊಳೆ ಮಾತ್ರ ಬಿಡಿ, ಗೋಡೆ ಉದುರೀತು" ಎಂದು ಬರೆದಿದ್ದೆ. ಅಷ್ಟಕ್ಕೇ ಟಪಾಲಿನಲ್ಲಿ ಗುಂಡಿನ ಸುರಿಮಳೆ. ಸರಿ, ನನಗೂ ಖುಷಿಯೇ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಜೊತೆಗೆ ಎನ್‌ಸಿಸಿ ಹುಡುಗಿಯರನ್ನು ಫೈರಿಂಗ್ ರೇಂಜಿಗೆ ಕರೆದುಕೊಂಡು ಹೋಗುತ್ತ ಸರ್ವೀಸು ಮುಗಿಸಿದವಳು ನಾನು. ಈ ಸಲ ಸೊಸೆ, ಸಾಲ, ಕೂದಲು ಉದುರುವುದು ಎಲ್ಲವೂ ಬದಿಗೆ. ಬರೀ ಬಂದೂಕು, ಬಾಣ ಮತ್ತು ಸೊಟ್ಟ ಇಂಗ್ಲಿಷು.

● ಮೇಡಂ, ನೀವು ಬರೆದ ಲಾಕ್ ಮನೆಯ ಬೀಗ ಅಲ್ಲ, ಸ್ಟಾಕ್ ಅಂಗಡಿಯ ದಾಸ್ತಾನು ಅಲ್ಲ, ಬ್ಯಾರೆಲ್ ಡಾಂಬರಿನ ಪೀಪಾಯಿ ಅಲ್ಲ. ಬಂದೂಕು ಹಿಡಿಯದವರು ಬಂದೂಕಿನ ಮಾತು ಆಡಬಾರದು.
— ನಿವೃತ್ತ ಸುಬೇದಾರ್, ಅರಸೀಕೆರೆ

ಹಿಡಿದಿದ್ದೇನೆ ಸುಬೇದಾರರೇ. ಪಾಯಿಂಟ್ ಟೂ ಟೂ ರೈಫಲ್, ಎನ್‌ಸಿಸಿಯದು. ನಿಮ್ಮ ಇನ್ಫೆಂಟ್ರಿಯವರಿಗೆ ಅದು ಆಟದ ಸಾಮಾನು ಅನ್ನಿಸಬಹುದು, ಭುಜಕ್ಕೆ ಸರಿಯಾಗಿ ಒತ್ತಿಕೊಳ್ಳದಿದ್ದರೆ ಗುಂಡು ಎಲ್ಲಿ ಹೋಗುತ್ತದೆಂದು ಅದೂ ಚೆನ್ನಾಗಿಯೇ ಕಲಿಸುತ್ತದೆ. ನೀವು ಹೇಳಿದ್ದೆಲ್ಲ ಸರಿ. ಕಿಡಿ ಹೊತ್ತಿಸುವ ಯಂತ್ರ ಲಾಕ್, ಭುಜಕ್ಕೆ ಕೊಡುವ ಮರದ ಭಾಗ ಸ್ಟಾಕ್, ನಳಿಗೆ ಬ್ಯಾರೆಲ್. ಮೂರೂ ಕೂಡಿದರೆ ಇಡೀ ಬಂದೂಕು, ಅದಕ್ಕೇ ಆ ಮಾತಿಗೆ 'ಸಮಸ್ತವೂ' ಎಂಬ ಅರ್ಥ ಬಂತು. ಆದರೆ ಪೀಪಾಯಿ ಅಂತ ನಾನು ಎಲ್ಲಿ ಬರೆದಿದ್ದೆ ಹೇಳಿ? ನಾನು ಬರೆಯದ ತಪ್ಪನ್ನು ನೀವೇ ಬರೆದು, ನೀವೇ ತಿದ್ದಿ, ಸೆಲ್ಯೂಟ್ ಹೊಡೆದುಕೊಂಡಿದ್ದೀರಿ. ಅಲ್ಲಾ, ವರ್ಗಾವಣೆ ಆದೇಶ ಬಂದಾಗಲೆಲ್ಲ ಲಾಕು, ಸ್ಟಾಕು, ಬ್ಯಾರೆಲ್ಲು ಅಂತ ಗಂಟುಮೂಟೆ ಕಟ್ಟಿದವರು ನೀವೋ, ನಿಮ್ಮ ಮನೆಯವರೋ?

● ಕ್ರಿಕೆಟ್ ಕಾಮೆಂಟರಿಯಲ್ಲಿ ಒಬ್ಬ ಹೊಸ ಆಟಗಾರನನ್ನು 'ಫ್ಲ್ಯಾಶ್ ಇನ್ ದ ಪ್ಯಾನ್' ಅಂದರು. ದೋಸೆ ಕಾವಲಿಯ ಎಣ್ಣೆಗೆ ಭಗ್ ಅಂತ ಬೆಂಕಿ ಹತ್ತುತ್ತದಲ್ಲ, ಅದೇ ಇರಬೇಕು ಅನ್ನುತ್ತಾರೆ ಅಮ್ಮ. ಹೌದಾ?
— ಬಿ.ಕಾಂ. ವಿದ್ಯಾರ್ಥಿನಿ, ತಿಪಟೂರು

ಅಮ್ಮನ ಊಹೆ ಚೆನ್ನಾಗಿದೆ, ಆದರೆ ಈ ಪ್ಯಾನ್ ಅಡುಗೆಮನೆಯದಲ್ಲ. ಹಳೆಯ ಚಕಮಕಿ ಬಂದೂಕು ನೋಡಿದ್ದೀಯಾ? ಮ್ಯೂಸಿಯಮ್ಮಿಗೆ ಹೋದಾಗ ನಳಿಗೆಯ ಬುಡದಲ್ಲಿ, ಬಲಮಗ್ಗುಲಿಗೆ ನೋಡು. ಬೆರಳ ತುದಿಯಷ್ಟು ಒಂದು ತಗ್ಗು ಇರುತ್ತದೆ. ಅದೇ ಪ್ಯಾನ್. ಸಿಪಾಯಿ ಅದರಲ್ಲಿ ಚಿಟಿಕೆ ಮದ್ದು ಹಾಕಿ ಮುಚ್ಚಳ ಮುಚ್ಚುತ್ತಿದ್ದ. ಕುದುರೆ (ಟ್ರಿಗರ್) ಎಳೆದರೆ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಬಡಿಯಬೇಕು, ಕಿಡಿ ಆ ಚಿಟಿಕೆ ಮದ್ದಿಗೆ ಬೀಳಬೇಕು, ಅಲ್ಲಿ ಎದ್ದ ಬೆಂಕಿ ಸೂಜಿ ತೂರುವಷ್ಟು ಕಿಂಡಿಯೊಂದನ್ನು ಹಾದು ನಳಿಗೆಯೊಳಗಿನ ಅಸಲು ಮದ್ದನ್ನು ಮುಟ್ಟಬೇಕು. ಆಮೇಲೆ ಗುಂಡು. ಇಷ್ಟು 'ಬೇಕು'ಗಳ ನಡುವೆ ಒಂದು ಕೈಕೊಟ್ಟರೂ ಮುಗಿಯಿತು. ಕಿಂಡಿ ಮಸಿಯಿಂದ ಕಟ್ಟಿಕೊಂಡಿದ್ದರೆ ಹೊರಗೆ ಬೆಳಕು, ಹೊಗೆ, ಹುಬ್ಬು ಸುಟ್ಟ ವಾಸನೆ. ಗುಂಡು ಮಾತ್ರ ಇದ್ದಲ್ಲೇ. ಒಂದು ಪಂದ್ಯದಲ್ಲಿ ಮಿಂಚಿ ಆಮೇಲೆ ಪತ್ತೆಯಿಲ್ಲದವರಿಗೆ ಈ ಮಾತು ಅಂಟಿದ್ದು ಹೀಗೆ.

ಚಕಮಕಿ ಕಲ್ಲನ್ನು ಕಚ್ಚಿಹಿಡಿಯುವ ಭಾಗಕ್ಕೆ ಇಂಗ್ಲಿಷರು ಕಾಕ್ ಅಂದರು, ಹುಂಜ. ಬಂದೂಕಿನ ವಿಷಯದಲ್ಲಿ ನಮಗೆ ಕಂಡದ್ದು ಕುದುರೆ, ಅವರಿಗೆ ಕಂಡದ್ದು ಕೋಳಿ. ಆ ಹುಂಜವನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಬಂದೂಕು ಹಾರಕೂಡದು, ಅದು ಸುರಕ್ಷತೆಯ ಏರ್ಪಾಡು. ಅಲ್ಲಿಂದಲೇ ಹಾರಿಬಿಟ್ಟರೆ 'ಗೋಯಿಂಗ್ ಆಫ್ ಹಾಫ್ ಕಾಕ್ಡ್'. ತಯಾರಿಯಿಲ್ಲದೆ ಮೈಕಿನ ಮುಂದೆ ನಿಲ್ಲುವವರನ್ನು ನೆನೆಸಿಕೊ, ಅರ್ಥವಾಗುತ್ತದೆ. ಇನ್ನೊಂದು 'ಹ್ಯಾಂಗ್ ಫೈರ್'. ಕುದುರೆ ಎಳೆದಾಗಿದೆ, ಸದ್ದಿಲ್ಲ. ಕೆಟ್ಟಿತು ಅಂತ ಬಂದೂಕನ್ನು ಅತ್ತಿತ್ತ ತಿರುಗಿಸುವಷ್ಟರಲ್ಲಿ ಢಂ! ಅದಕ್ಕೇ ಇವತ್ತಿಗೂ ರೇಂಜಿನಲ್ಲಿ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಸುಮ್ಮನೆ ಕಾಯಬೇಕು ಎಂಬ ಕಟ್ಟುನಿಟ್ಟು. ನಮ್ಮ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಗುರಿಯಲ್ಲ, ಇದು.

ಚಕಮಕಿ ಹೋಗಿ ಎಲೆಕ್ಟ್ರಾನಿಕ್ಸ್ ಬಂದರೂ ಆಯುಧದ ಮುನಿಸು ಹೋಗಿಲ್ಲ. 2021ರ ಜುಲೈಯಲ್ಲಿ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ರಿಪೇರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಗಡಿಯಾರ ಓಡಿತ್ತು, ಫೈನಲ್ ತಪ್ಪಿತು. ಅದೇ ಮನು 2024ರ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದರು, ಒಂದು ಒಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ. ನಿನ್ನ ಕ್ರಿಕೆಟ್ ಹುಡುಗನಿಗೂ ಒಂದೆರಡು ಸೀಸನ್ ಕೊಟ್ಟು ನೋಡಿ ಅಂತ ಆ ಕಾಮೆಂಟರಿಯವರಿಗೆ ಹೇಳು.

● ನೀವು ಹೇಳುವ ಇಂಗ್ಲಿಷ್ ಮಾತುಗಳೆಲ್ಲ ಕೈಕೊಟ್ಟ ಬಂದೂಕು, ತಪ್ಪಿದ ಬಾಣಗಳದ್ದೇ. ಗುರಿ ಮುಟ್ಟಿದವರ ಮಾತು ಒಂದೂ ಇಲ್ಲವೇ?
— ನಿವೃತ್ತ ಪೋಸ್ಟ್‌ಮಾಸ್ಟರ್, ತೀರ್ಥಹಳ್ಳಿ

ಇದೆ, 'ಬುಲ್ಸ್ ಐ' ಇದೆ. ಆಮೇಲೆ? ನಾನೂ ಹುಡುಕಿ ಸೋತೆ. ತಪ್ಪಿದ್ದಕ್ಕಾದರೆ ಬೇಕಾದಷ್ಟು: 'ವೈಡ್ ಆಫ್ ದ ಮಾರ್ಕ್', 'ಲಾಂಗ್ ಶಾಟ್', 'ಶಾಟ್ ಇನ್ ದ ಡಾರ್ಕ್'. ಪೂರ್ತಿ ತಪ್ಪಿದ ಗುಂಡಿಗೆ ಸೈನ್ಯದವರು ಹೇಳುತ್ತಿದ್ದ 'ವಾಷ್‌ಔಟ್' ಕೂಡ ಈಗ ಎಲ್ಲ ಬಗೆಯ ವೈಫಲ್ಯಕ್ಕೂ ಸಲ್ಲುತ್ತದೆ. ಗೇಲಿಗೆ ಗುರಿಯಾದವನನ್ನು 'ಬಟ್' ಅನ್ನುತ್ತಾರಲ್ಲ, ಅದೂ ಬಿಲ್ಲುಗಾರರು ಬಾಣ ಹೊಡೆದು ಅಭ್ಯಾಸ ಮಾಡುತ್ತಿದ್ದ ಗುರಿಯ ದಿಬ್ಬದ ಹೆಸರೇ. ನಮ್ಮ ರೇಂಜಿನಲ್ಲಿ ಗುರಿಹಲಗೆಯ ಹಿಂದಿನ ಮಣ್ಣಿನ ಗುಡ್ಡೆಯನ್ನು ಇವತ್ತಿಗೂ ಬಟ್ ಅಂತಲೇ ಕರೆಯುವುದು.

ಕಾರಣ ನನಗೆ ರೇಂಜಿನಲ್ಲೇ ಕಂಡಿದೆ. ಎಲ್ಲ ಗುಂಡನ್ನೂ ನಡುವೆ ಹೊಡೆದ ಹುಡುಗಿ ಎದ್ದು, ಮೊಣಕೈ ಮಣ್ಣು ಕೊಡವಿಕೊಂಡು, ಚಹಾ ಕುಡಿಯಲು ಹೋಗುತ್ತಾಳೆ. ತಪ್ಪಿದವಳು ಸಂಜೆತನಕ ಗಾಳಿ, ಬಿಸಿಲು, ರೈಫಲ್ಲಿನ ಸೈಟು (ಗುರಿ ನೋಡುವ ಗುರುತು), ಪಕ್ಕದವಳ ಕೆಮ್ಮು, ಬೆಳಗಿನ ಉಪ್ಪಿಟ್ಟು ಎಲ್ಲವನ್ನೂ ವರ್ಣಿಸುತ್ತಾಳೆ. ಇಂಗ್ಲಿಷಿಗೆ ಈ ಮಾತುಗಳನ್ನೆಲ್ಲ ಕೊಟ್ಟವಳು ಎರಡನೆಯವಳೇ. ಮೊದಲನೆಯವಳಿಗೆ ಮಾತು ಬೇಕಾಗಲೇ ಇಲ್ಲ.

ನಿಮ್ಮ ಸಮಾಧಾನಕ್ಕೆ ಒಂದು ಪಕ್ಷಪಾತವಿಲ್ಲದ ಮಾತು ಕೊಡುತ್ತೇನೆ: 'ಅಪ್‌ಶಾಟ್'. ಬಿಲ್ಲುಗಾರಿಕೆಯ ಪಂದ್ಯದಲ್ಲಿ ಕಟ್ಟಕಡೆಯ ಬಾಣಕ್ಕೆ ಹಾಗನ್ನುತ್ತಿದ್ದರು. ಅದು ಬಿದ್ದರೆ ಪಂದ್ಯ ಇತ್ಯರ್ಥ. ಈಗ ಸರ್ಕಾರಿ ಸಭೆಗಳ ವರದಿಯಲ್ಲಿ 'ಫಲಿತಾಂಶ' ಎಂಬ ಅರ್ಥದಲ್ಲಿ ಕೂತಿದೆ, ಬಾಣವೂ ಇಲ್ಲ, ಇತ್ಯರ್ಥವೂ ಇಲ್ಲ.

● ದ್ರೋಣರು ಕೇಳಿದಾಗ ಅರ್ಜುನ ಹಕ್ಕಿಯ ಕಣ್ಣು ಮಾತ್ರ ಕಾಣುತ್ತಿದೆ ಅಂದನಂತೆ. ಇವತ್ತಿನ ಶೂಟಿಂಗ್ ಕೋಚುಗಳೂ ಅದನ್ನೇ ಹೇಳಿಕೊಡುತ್ತಾರೆಯೇ?
— ಹೈಸ್ಕೂಲ್ ಶಿಕ್ಷಕ, ಮುಧೋಳ

ಇಲ್ಲ, ತದ್ವಿರುದ್ಧ! ಪಿಸ್ತೂಲಿನವರಿಗೆ ಮೊದಲ ಪಾಠವೇ ಗುರಿಯನ್ನು ನೋಡಬೇಡ ಅಂತ. ಕಣ್ಣಿಗೆ ಒಂದು ಹೊತ್ತಿಗೆ ಒಂದೇ ದೂರ ನಿಚ್ಚಳ. ಹಿಂದಿನ ಸೈಟು, ನಳಿಗೆ ತುದಿಯ ಮುಂದಿನ ಸೈಟು, ಹತ್ತು ಮೀಟರ್ ಆಚೆಯ ಕರಿ ಚಕ್ರ ಮೂರನ್ನೂ ಸ್ಪಷ್ಟವಾಗಿ ಕಾಣುವ ಕಣ್ಣು ದೇವರು ಯಾರಿಗೂ ಕೊಟ್ಟಿಲ್ಲ. ಹಾಗಾಗಿ ದೃಷ್ಟಿ ಮುಂದಿನ ಸೈಟಿನ ಮೇಲೆ ನೆಟ್ಟಿರಬೇಕು, ಗುರಿ ಮಸುಕಾಗಿ ಕಂಡರೆ ಸಾಕು. ಕೈ ಒಂದಿಷ್ಟು ಸರಿದರೂ ಸೈಟುಗಳ ಸಾಲು ನೇರವಾಗಿದ್ದರೆ ಗುಂಡು ಅಷ್ಟೇ ಸರಿಯುತ್ತದೆ. ಸಾಲು ಸೊಟ್ಟಗಾದರೆ ಹತ್ತು ಮೀಟರಿನಲ್ಲಿ ಅದು ಹಲವು ಪಟ್ಟು ಬೆಳೆದಿರುತ್ತದೆ. ಇನ್ನೂ ತಮಾಷೆ ಎಂದರೆ ಎಷ್ಟೋ ಜನ ನಡುವಿಗೆ ಗುರಿಯಿಡುವುದೇ ಇಲ್ಲ, ಕರಿ ಚಕ್ರದ ಕೆಳಗಿನ ಬಿಳಿ ಜಾಗಕ್ಕೆ ಇಡುತ್ತಾರೆ. ಗುಂಡು ನಡುವಿಗೇ ಹೋಗುವಂತೆ ಸೈಟನ್ನು ಮೊದಲೇ ತಿದ್ದಿಕೊಂಡಿರುತ್ತಾರೆ.

ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್. ಏರ್ ರೈಫಲ್ಲಿನಲ್ಲಿ ಹತ್ತು ಅಂದರೆ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ, ಹಾರಿಸುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ಅಂಥದರಲ್ಲಿ 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ತಂದರು. ಹತ್ತಕ್ಕಿಂತ ಜಾಸ್ತಿ ಹೇಗೆ ಅಂತ ಕೇಳಬೇಡಿ, ಹತ್ತರ ಒಳಗೂ ದಶಮಾಂಶ ಇದೆ, 10.9 ತುತ್ತತುದಿ. ನಿಮ್ಮ ಶಾಲೆಯ ಹುಡುಗರಿಗೆ ಹೀಗೆ ಅಂಕ ಕೊಟ್ಟು ನೋಡಿ, ಪೋಷಕರು ಮೆರವಣಿಗೆ ಮಾಡುತ್ತಾರೆ.

● ಹಕ್ಕಿಯನ್ನೇ ಹೊಡೆಯದೆ ಮ್ಯಾಗ್‌ಪೈ ಅನ್ನುತ್ತಾರೆ. ಅದು ಏನೆಂದು ಈ ಇಂಗ್ಲಿಷ್ ಮೇಡಂ ಹೇಳಲಿ ನೋಡೋಣ.
— ಅದೇ ಸುಬೇದಾರ್, ಅರಸೀಕೆರೆ

ಎರಡನೇ ಪೋಸ್ಟ್‌ಕಾರ್ಡು! ಹೇಳುತ್ತೇನೆ, ಅಟೆನ್ಷನ್ನಿನಲ್ಲಿ ನಿಂತು ಕೇಳಿ. ಬ್ರಿಟಿಷರ ರೈಫಲ್ ಗುರಿಹಲಗೆಯಲ್ಲಿ ನಡುವೆ ಬುಲ್, ಅದರ ಸುತ್ತ ಇನ್ನರ್, ಆಮೇಲೆ ಮ್ಯಾಗ್‌ಪೈ, ಹೊರಗೆ ಔಟರ್. ಗುಂಡು ಎಲ್ಲಿ ಬಿತ್ತೆಂದು ದೂರದಲ್ಲಿ ಮಲಗಿದವನಿಗೆ ಗೊತ್ತಾಗಬೇಕಲ್ಲ? ಗುರಿಹಲಗೆಯ ಕೆಳಗಿನ ಗುಂಡಿಯಲ್ಲಿ ಕೂತವರು ಒಂದೊಂದು ವಲಯಕ್ಕೆ ಒಂದೊಂದು ಬಗೆಯ ಗುರುತು ಎತ್ತಿ ತೋರಿಸುತ್ತಿದ್ದರು. ಮೂರನೆಯ ವಲಯಕ್ಕೆ ಎತ್ತುತ್ತಿದ್ದದ್ದು ಕಪ್ಪು ಬಿಳುಪಿನದು. ಅಲ್ಲಿನ ಮ್ಯಾಗ್‌ಪೈ ಹಕ್ಕಿಯೂ ಕಪ್ಪು ಬಿಳುಪು, ನಮ್ಮ ಮಡಿವಾಳ ಹಕ್ಕಿಗಿಂತ ಗಾತ್ರದಲ್ಲಿ ದೊಡ್ಡದು.

ನನ್ನ ಸರದಿ. ಟೆನಿಸ್ಸಿಗೂ ಮೊದಲು ವಿಂಬಲ್ಡನ್ ಯಾವುದಕ್ಕೆ ಹೆಸರುವಾಸಿಯಾಗಿತ್ತು? ರೈಫಲ್ಲಿಗೆ! 1859ರಲ್ಲಿ ಹುಟ್ಟಿದ ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1860ರಲ್ಲಿ ತನ್ನ ಮೊದಲ ಕೂಟ ನಡೆಸಿದ್ದು ವಿಂಬಲ್ಡನ್ ಬಯಲಿನಲ್ಲಿ. ಮೊದಲ ಗುಂಡು ಹಾರಿಸಿದವರು ವಿಕ್ಟೋರಿಯಾ ರಾಣಿ. 400 ಗಜ ದೂರದ ಗುರಿಗೆ ವಿಟ್‌ವರ್ತ್ ರೈಫಲ್ಲನ್ನು ಮೊದಲೇ ಅಲುಗಾಡದಂತೆ ಕೂರಿಸಿ, ಗುರಿ ಹೊಂದಿಸಿ, ಕುದುರೆಗೆ ರೇಷ್ಮೆ ದಾರ ಕಟ್ಟಿದ್ದರು. ಮಹಾರಾಣಿ ದಾರ ಎಳೆದರು, ಗುಂಡು ನೇರ ಬುಲ್ಸ್ ಐಗೆ. ಉದ್ಘಾಟನೆ ಅಂದರೆ ಹೀಗಿರಬೇಕು, ನಮ್ಮ ಮಂತ್ರಿಗಳ ಕೈಗೆ ಕತ್ತರಿ ಕೊಟ್ಟರೆ ಟೇಪೇ ಕತ್ತರಿಸುವುದಿಲ್ಲ. ಟೆನಿಸ್ ಬಂದದ್ದು 1877ರಲ್ಲಿ, ರೈಫಲ್‌ನವರು 1890ರಲ್ಲಿ ಬಿಸ್ಲಿಗೆ ಗಂಟುಮೂಟೆ ಕಟ್ಟಿದರು.

● ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಅಂಗಡಿಯಲ್ಲಿ ನನಗೆ ಒಂದೂ ತಾಗುವುದಿಲ್ಲ. ಮಗಳ ಮುಂದೆ ಮರ್ಯಾದೆ ಹೋಗಿದೆ. ಉಪಾಯ ಹೇಳಿ.
— ಬ್ಯಾಂಕ್ ಕ್ಯಾಷಿಯರ್, ನಂಜನಗೂಡು

ಆ ಗಾಳಿ ಬಂದೂಕಿನ ಸೈಟನ್ನು ಯಾರೂ ತಿದ್ದಿರುವುದಿಲ್ಲ, ಸಾವಿರಾರು ಕೈ ಬಿದ್ದು ಅದು ಸೊಟ್ಟಗಾಗಿರುತ್ತದೆ. ನೀವು ನೇರವಾಗಿದ್ದರೆ ಬಂದೂಕು ಇಲ್ಲ, ಅಷ್ಟೇ. ಮೊದಲ ಗುಂಡನ್ನು ಬಲೂನಿಗೆ ಅಲ್ಲ, ಹಿಂದಿನ ಹಲಗೆಯ ಮೇಲೆ ಯಾವುದಾದರೂ ಚುಕ್ಕೆ ಗೊತ್ತುಮಾಡಿಕೊಂಡು ಅದಕ್ಕೆ ಹೊಡೆಯಿರಿ. ಗುಂಡು ನಾಲ್ಕು ಬೆರಳು ಎಡಕ್ಕೆ ಬಿತ್ತೇ? ಇನ್ನು ಮೇಲೆ ನಾಲ್ಕು ಬೆರಳು ಬಲಕ್ಕೆ ಗುರಿಯಿಡಿ. ಸೈಟು ಮುಟ್ಟದೆ ಕಣ್ಣಂದಾಜಿನಲ್ಲಿ ಹೀಗೆ ಸರಿಸಿ ಹೊಡೆಯುವುದಕ್ಕೆ ಅಮೆರಿಕದವರು 'ಕೆಂಟಕಿ ವಿಂಡೇಜ್' ಅನ್ನುತ್ತಾರೆ. ಮಗಳಿಗೂ ಆ ಹೆಸರನ್ನು ಗಂಭೀರವಾಗಿ ಹೇಳಿ. ಮರ್ಯಾದೆ ಅರ್ಧ ಅಲ್ಲೇ ವಾಪಸ್ ಬರುತ್ತದೆ, ಇನ್ನರ್ಧಕ್ಕೆ ಬಲೂನು ಒಡೆಯಬೇಕು.

● 'ದ ಹೋಲ್ ನೈನ್ ಯಾರ್ಡ್ಸ್' ಅಂದರೆ ಯುದ್ಧವಿಮಾನದ ಮೆಷಿನ್‌ಗನ್ನಿನ ಒಂಬತ್ತು ಗಜದ ಗುಂಡಿನ ಸರ ಅಂತ ಮಗ ಹೇಳುತ್ತಾನೆ. ಒಂಬತ್ತು ಗಜ ಅಂದರೆ ನಮಗೆ ಗೊತ್ತಿರುವುದು ಒಂದೇ.
— ಸೀರೆ ವ್ಯಾಪಾರಿ, ಇಳಕಲ್

ನಿಮಗೆ ಗೊತ್ತಿರುವುದೇ ಹೆಚ್ಚು ನಂಬಿಕಸ್ಥವಾಗಿದೆ! ಗುಂಡಿನ ಸರದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಎರಡನೇ ಮಹಾಯುದ್ಧ, ಪೈಲಟ್, ಇಡೀ ಸರ ಖಾಲಿ ಮಾಡಿದ, ಇತ್ಯಾದಿ. ಕಷ್ಟ ಏನೆಂದರೆ 1912ರಲ್ಲೇ ಅಮೆರಿಕದ ಕೆಂಟಕಿಯ ಒಂದು ಪತ್ರಿಕೆಯಲ್ಲಿ 'ಪೂರ್ತಿಯಾಗಿ, ಸಮಸ್ತವೂ' ಎಂಬ ಇದೇ ಅರ್ಥದಲ್ಲಿ 'ದ ಹೋಲ್ ಸಿಕ್ಸ್ ಯಾರ್ಡ್ಸ್' ಅಚ್ಚಾಗಿದೆ. ಆರು ಗಜ! ಆಗ ಆ ವಿಮಾನವೂ ಇಲ್ಲ, ಆ ಸರವೂ ಇಲ್ಲ. ನಿಮ್ಮ ಅಂಗಡಿಯಲ್ಲಾದರೋ ಆರು ಗಜದ್ದೂ ಇದೆ, ಒಂಬತ್ತು ಗಜದ್ದೂ ಇದೆ. ಮಗನಿಗೆ ಟೋಪ್ ತೆಣಿ ಸೆರಗು ತೋರಿಸಿ, ಮೆಷಿನ್‌ಗನ್ ಮರೆಯುತ್ತಾನೆ.

ಇಂಥದೇ ಇನ್ನೊಂದು ಚಂದದ ಸುಳ್ಳು: 'ಶಾರ್ಪ್‌ಶೂಟರ್' ಅನ್ನುವುದು ಶಾರ್ಪ್ಸ್ ರೈಫಲ್ಲಿನಿಂದ ಬಂತು ಅಂತ. ಆ ರೈಫಲ್ಲಿಗೆ ಪೇಟೆಂಟ್ ಸಿಕ್ಕಿದ್ದು 1848ರಲ್ಲಿ, ಪದ ಅದಕ್ಕಿಂತ ದಶಕಗಳಷ್ಟು ಹಿರಿಯದು. ಮಗುವಿನಿಂದ ತಾಯಿ ಹುಟ್ಟಿದ ಹಾಗಾಯಿತು.

● ಶೂಟಿಂಗ್ ಸ್ಪರ್ಧೆಯಲ್ಲಿ ಪಕ್ಕದವರ ಗುರಿಗೆ ಹೊಡೆದರೆ ಅಂಕ ಯಾರಿಗೆ?
— ಹಾರ್ಡ್‌ವೇರ್ ಅಂಗಡಿ ಮಾಲೀಕ, ಹುಬ್ಬಳ್ಳಿ

ಯಾರಿಗೂ ಇಲ್ಲ. ಅದಕ್ಕೆ 'ಕ್ರಾಸ್ ಫೈರ್' ಅಂತ ಹೆಸರು, ಹೊಡೆದವರಿಗೆ ಸೊನ್ನೆ. ಎನ್‌ಸಿಸಿ ಕ್ಯಾಂಪಿನಲ್ಲಿ ಇದು ಮಾಮೂಲು, ಐದೇ ಗುಂಡು ಹಾರಿಸಿದ ಹುಡುಗಿಯ ಹಲಗೆಯಲ್ಲಿ ಏಳು ತೂತು ಇರುತ್ತದೆ, ಪಕ್ಕದವಳದರಲ್ಲಿ ಮೂರು. ಆದರೆ ಒಲಿಂಪಿಕ್ಸಿನಲ್ಲಿ?

2004, ಅಥೆನ್ಸ್. ಪುರುಷರ 50 ಮೀಟರ್ ರೈಫಲ್ ಮೂರು ಭಂಗಿಗಳ (ಮಲಗಿ, ನಿಂತು, ಮಂಡಿಯೂರಿ ಹೊಡೆಯುವ) ಫೈನಲ್. ಅಮೆರಿಕದ ಮ್ಯಾಥ್ಯೂ ಎಮನ್ಸ್ ಮೂರು ಅಂಕ ಮುಂದಿದ್ದಾರೆ, ಉಳಿದಿರುವುದು ಒಂದೇ ಗುಂಡು. ಈ ಮಟ್ಟದಲ್ಲಿ ಮೂರು ಅಂಕ ಅಂದರೆ ಊಟ ಮುಗಿಸಿ ಬಂದು ಹೊಡೆದರೂ ಚಿನ್ನ. ಎಮನ್ಸ್ ಹೊಡೆದರು, ಚೆನ್ನಾಗಿಯೇ ಹೊಡೆದರು. ಅವರ ಗುರಿಯಲ್ಲಿ ಮಾತ್ರ ಏನೂ ದಾಖಲಾಗಲಿಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡು ಅಧಿಕಾರಿಗಳ ಕಡೆ ತಿರುಗಿದರು. ನೋಡಿದರೆ ಪಕ್ಕದ ಆಸ್ಟ್ರಿಯಾದ ಕ್ರಿಸ್ಟಿಯಾನ್ ಪ್ಲಾನರ್ ಅವರ ಗುರಿಯಲ್ಲಿ ಒಂದು ಗುಂಡು ಹೆಚ್ಚಿಗೆ! ಎಮನ್ಸ್‌ಗೆ ಸೊನ್ನೆ, ಮೊದಲ ಸ್ಥಾನದಿಂದ ಎಂಟನೆಯದಕ್ಕೆ. ಚಿನ್ನ ಚೀನಾದ ಜಿಯಾ ಝಾನ್‌ಬೋಗೆ ಹೋಯಿತು. ಪ್ಲಾನರ್‌ಗೆ ಕಂಚು, ಅದು ಅವರ ಸ್ವಂತ ಗುಂಡುಗಳ ಸಂಪಾದನೆಯೇ, ಎಮನ್ಸ್ ಕಾಣಿಕೆ ಲೆಕ್ಕಕ್ಕಿಲ್ಲ.

ಕಥೆ ಇಲ್ಲಿಂದಲೇ ಚೆನ್ನಾಗಿರುವುದು. ಅದೇ ಕ್ರೀಡಾಕೂಟದಲ್ಲಿ ಕಂಚು ಗೆದ್ದು, ಜೆಕ್ ಟೆಲಿವಿಷನ್ನಿಗೆ ಕಾಮೆಂಟರಿ ಹೇಳುತ್ತಿದ್ದ ಕಟೆರ್ಜಿನಾ ಕುರ್ಕೋವಾ ಎಂಬ ರೈಫಲ್ ಹುಡುಗಿ, ಬಂದು ಸಮಾಧಾನದ ಮಾತಾಡಿದಳು. ಮಾತು ಬೆಳೆಯಿತು, 2007ರಲ್ಲಿ ಮದುವೆ. 2008ರ ಬೀಜಿಂಗ್ ಕೂಟದ ಮೊಟ್ಟಮೊದಲ ಚಿನ್ನ ಗೆದ್ದವಳು ಈಕೆಯೇ. ಗಂಡ? ಮತ್ತೆ ಅದೇ ಮೂರು ಭಂಗಿಗಳ ಫೈನಲ್, ಮತ್ತೆ ಮುಂದಿದ್ದಾರೆ, ಮತ್ತೆ ಕೊನೆಯ ಗುಂಡು. ಈ ಸಲ ಗುರಿ ತಮ್ಮದೇ, ಆದರೆ ಬೆರಳು ಬೇಗ ಒತ್ತಿಬಿಟ್ಟಿತು: 4.4. ನಾಲ್ಕನೇ ಸ್ಥಾನ. ಅಂಥವರು ಬಂದೂಕು ಎತ್ತಿ ಅಟ್ಟಕ್ಕೆ ಹಾಕಬೇಕಿತ್ತು ಅನ್ನಿಸುವುದಿಲ್ಲವೇ? 2012ರಲ್ಲಿ ಲಂಡನ್ನಿಗೆ ಹೋದರು. ಕೊನೆಯ ಗುಂಡು 7.6, ಬೆಳ್ಳಿಯ ಜಾಗದಿಂದ ಜಾರಿದರು, ಆದರೂ ಕಂಚು ಕೈಗೆ ಬಂತು. ಇವರ ಮನೆಯ ಊಟದ ಮೇಜಿನಲ್ಲಿ 'ಇದೊಂದು ಕೊನೇ ತುತ್ತು' ಅಂತ ಯಾರಾದರೂ ಅಂದರೆ ಎದ್ದು ಹೋಗುತ್ತಾರೇನೋ.

● ಬಿ.ಪಿ. ಮಾತ್ರೆ ತಗೊಳ್ಳುವ ನಾನು ನಿವೃತ್ತಿಯ ನಂತರ ಶೂಟಿಂಗ್ ಕಲಿಯಬಹುದೇ?
— ತಹಸೀಲ್ದಾರ್ ಕಚೇರಿ ನೌಕರ, ಚಿಂತಾಮಣಿ

ಧಾರಾಳವಾಗಿ ಕಲಿಯಿರಿ. 1920ರ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬ ಅಜ್ಜ ಶೂಟಿಂಗಿನಲ್ಲಿ ಬೆಳ್ಳಿ ಗೆದ್ದಾಗ ವಯಸ್ಸು 72. ಒಲಿಂಪಿಕ್ಸ್ ಗುರಿ ಇಟ್ಟುಕೊಂಡಿದ್ದರೆ ಮಾತ್ರ ಡಾಕ್ಟರ ಚೀಟಿ ಒಮ್ಮೆ ನೋಡಿಕೊಳ್ಳಿ. ಬೀಟಾ ಬ್ಲಾಕರ್ ಜಾತಿಯ ಮಾತ್ರೆಗಳು ಎದೆಬಡಿತ ಇಳಿಸುತ್ತವೆ, ಕೈನಡುಕ ತಗ್ಗಿಸುತ್ತವೆ, ಅದಕ್ಕೇ ಶೂಟಿಂಗಿನಲ್ಲಿ ನಿಷಿದ್ಧ. ಬೀಜಿಂಗಿನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಪ್ರೊಪ್ರನೊಲಾಲ್ ಪತ್ತೆಯಾಗಿ ಎರಡನ್ನೂ ಕಳೆದುಕೊಂಡರು. ಬೇರೆ ಆಟದವರು ಓಡಲು ಮದ್ದು ತಿಂದು ಸಿಕ್ಕಿಬಿದ್ದರೆ, ಇವರು ನಿಂತಲ್ಲೇ ನಿಲ್ಲಲು ತಿಂದು ಸಿಕ್ಕಿಬಿದ್ದರು. ನಿಂತಲ್ಲೇ ನಿಲ್ಲುವ ಅಭ್ಯಾಸ ನಿಮಗೆ ಕಚೇರಿಯಲ್ಲೇ ಆಗಿರುತ್ತದೆ, ಮಾತ್ರೆ ಬೇಕಾಗಲಾರದು.

ತಮಾಷೆ ಸಾಕು, ನಮ್ಮವರೊಬ್ಬರನ್ನು ನೆನೆಯುತ್ತೇನೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನಲ್ಲಿ ಮುಖದ ಬಲಭಾಗ ಪಾರ್ಶ್ವವಾಯು ಬಡಿದು ಜೋಲಿತು, ಬೆಲ್ಸ್ ಪಾಲ್ಸಿ. ಶೂಟರ್‌ಗೆ ಕಣ್ಣಿನ ಸುತ್ತಲಿನ ಸ್ನಾಯುವೇ ಹೋದರೆ ಇನ್ನೇನು ಉಳಿಯಿತು? ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. 2016ರ ರಿಯೊದಲ್ಲಿ 50 ಮೀಟರ್ ಪಿಸ್ತೂಲಿಗೂ ಇಳಿದರು. ಆಮೇಲೆ ಒಲಿಂಪಿಕ್ಸಿನವರು ಆ ಸ್ಪರ್ಧೆಯನ್ನೇ ಕೈಬಿಟ್ಟರು. ಈಗಲೂ ನನಗೆ ಅದು ಸರಿಯೆನಿಸಿಲ್ಲ.

● ನಮ್ಮ ಕೊಡಗಿನಲ್ಲಿ ಆಯುಧಪೂಜೆಯ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತೇವೆ. ಇಂಗ್ಲಿಷರಿಗೂ ತೆಂಗಿನಕಾಯಿಯ ಆಟ ಉಂಟಂತೆ?
— ಕಾಫಿ ಬೆಳೆಗಾರ, ಗೋಣಿಕೊಪ್ಪ

ಉಂಟು, ಹೆಸರು 'ಕೋಕನಟ್ ಶೈ'. ನಾಚುವ ತೆಂಗಿನಕಾಯಿ ಅಲ್ಲ, ಆ 'ಶೈ'ಗೆ ಬೀಸಿ ಎಸೆಯುವುದು ಎಂಬ ಅರ್ಥ. ಅವರ ಜಾತ್ರೆಗಳಲ್ಲಿ ಕಂಬದ ಮೇಲೆ ಕಾಯಿ ಕೂರಿಸಿ, ಮರದ ಚೆಂಡಿನಿಂದ ಬೀಳಿಸಿದರೆ ಕಾಯಿ ನಿಮಗೇ. ನಿಮ್ಮ ಆಟ ಎಲ್ಲಿ, ಅವರದು ಎಲ್ಲಿ! ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದು ಗದ್ದೆ ಹಸಿರಾಗಿರುವ ಹೊತ್ತು, ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ, ಕಡಂಬುಟ್ಟು, ಪಂದಿಕರಿ, ಆಮೇಲೆ ಮೈದಾನದಲ್ಲಿ ಎತ್ತರದ ಮರಕ್ಕೆ ಕಟ್ಟಿದ ಕಾಯಿ. ಹೆಂಗಸರೂ ಸಾಲಿನಲ್ಲಿ ನಿಂತು ಹೊಡೆಯುವುದು ನನಗೆ ಅತ್ಯಂತ ಇಷ್ಟದ ನೋಟ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟದ್ದರಿಂದ ಈ ಕೋವಿಗಳು ಮನೆಯಲ್ಲೇ ಉಳಿದವು. ಆ ವಿನಾಯಿತಿಯ ಪ್ರಶ್ನೆ ಹೈಕೋರ್ಟಿನವರೆಗೆ ಹೋಗಿ 2021ರಲ್ಲಿ ಅದನ್ನು ಎತ್ತಿಹಿಡಿಯಲಾಯಿತು. ನೀವು ಮುಂದಿನ ಹಬ್ಬಕ್ಕೆ ಕರೆದರೆ ಬರುತ್ತೇನೆ. ಪಂದಿಕರಿ ತಿನ್ನುವುದಿಲ್ಲ, ಕಾಯಿ ಬಿಡುವುದಿಲ್ಲ.

● 'ಬಾಬ್ಸ್ ಯುವರ್ ಅಂಕಲ್' ಅನ್ನುತ್ತಾರಲ್ಲ, ಈ ಬಾಬ್ ನಮಗೆ ದೊಡ್ಡಪ್ಪನೋ, ಚಿಕ್ಕಪ್ಪನೋ, ಮಾವನೋ?
— ಗೃಹಿಣಿ, ಪುತ್ತೂರು

ಸೋದರಮಾವ, ಕಥೆ ನಿಜವಾದರೆ. 1887ರಲ್ಲಿ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಸಾಲಿಸ್ಬರಿ ತಮ್ಮ ಅಕ್ಕನ ಮಗ ಆರ್ಥರ್ ಬಾಲ್ಫರ್‌ಗೆ ಐರ್ಲೆಂಡಿನ ದೊಡ್ಡ ಹುದ್ದೆ ಕೊಡಿಸಿದರು. ರಾಬರ್ಟ್ ಅಂದರೆ ಬಾಬ್, ಮಾವ ಬಾಬ್ ಇದ್ದರೆ ಆಯಿತು, ಕೆಲಸ ಸಲೀಸು. ಕೇಳಲು ಎಷ್ಟು ಚೆಂದ! ಆದರೆ ಆ ಮಾತು ಅಚ್ಚಿನಲ್ಲಿ ಕಾಣಿಸುವುದು 1920ರ ದಶಕದಲ್ಲಿ, ಅಷ್ಟು ಹೊತ್ತಿಗೆ ಮಾವ ತೀರಿಕೊಂಡು ಎಷ್ಟೋ ವರ್ಷ. ಸೋದರಮಾವನ ಪ್ರಭಾವ ಸತ್ತ ಮೇಲೂ ನಡೆಯುತ್ತದೆ ಅಂದರೆ ನಮ್ಮಲ್ಲಿ ಯಾರಾದರೂ ನಂಬಿಯಾರು.

ಬಾಬ್ ಮಾವನ ಜೊತೆಗೆ 'ಆಂಟ್ ಸ್ಯಾಲಿ' ಕೂಡ ಇದ್ದಾಳೆ. ಜಾತ್ರೆಗಳಲ್ಲಿ ಮುದುಕಿಯ ಗೊಂಬೆಯೊಂದನ್ನು ನಿಲ್ಲಿಸಿ, ಬಾಯಿಗೆ ಮಣ್ಣಿನ ಚಿಲುಮೆ ಸಿಕ್ಕಿಸಿ, ಕೋಲು ಬೀಸಿ ಒಡೆಯುವ ಆಟ. ಆಕ್ಸ್‌ಫರ್ಡ್‌ಶೈರಿನ ಪಬ್ಬುಗಳಲ್ಲಿ ಈಗ ಕಬ್ಬಿಣದ ಕಂಬದ ಮೇಲೆ ಬಿಳಿ ಮರದ ತುಂಡು ಇಟ್ಟು, ಹತ್ತು ಗಜದಿಂದ ಆರು ಕೋಲು ಎಸೆಯುತ್ತಾರೆ. ಎಲ್ಲರೂ ಬೈಯಲೆಂದೇ ಮುಂದೆ ನಿಲ್ಲಿಸಿದ ವ್ಯಕ್ತಿಗೂ ಅದೇ ಹೆಸರು ಬಿತ್ತು. ಮಾವ ಕೆಲಸ ಕೊಡಿಸಬೇಕು, ಅತ್ತೆ ಏಟು ತಿನ್ನಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಇಂಗ್ಲಿಷ್ ಸಂಸ್ಕೃತಿ ಅಂತ ಹೊಗಳಿದರೆ ಇದನ್ನು ಓದಿ ಹೇಳಿ.

● ಮತಗಟ್ಟೆ ಸಮೀಕ್ಷೆ ಮಾಡಿದವರೆಲ್ಲ ಫಲಿತಾಂಶದ ಮರುದಿನ 'ನಾವು ಹೇಳಿದ ಹಾಗೇ ಆಯಿತು' ಅನ್ನುತ್ತಾರೆ. ಇದಕ್ಕೆ ಶೂಟಿಂಗ್ ಇಂಗ್ಲಿಷಿನಲ್ಲಿ ಏನಾದರೂ ಇದೆಯೇ?
— ಪತ್ರಿಕಾ ಏಜೆಂಟ್, ಗದಗ

'ಟೆಕ್ಸಾಸ್ ಶಾರ್ಪ್‌ಶೂಟರ್'. ಕೊಟ್ಟಿಗೆಯ ಗೋಡೆಗೆ ಮನಸ್ಸು ಬಂದ ಹಾಗೆ ಗುಂಡು ಹಾರಿಸಿ, ಹೆಚ್ಚು ತೂತು ಬಿದ್ದ ಕಡೆ ಆಮೇಲೆ ಗುರಿಚಕ್ರ ಬರೆಯುವವನು.

● ಬಂದೂಕಿನ ಇಂಗ್ಲಿಷಿಗೆ ಭಾರತದ ಕೊಡುಗೆ ಏನೂ ಇಲ್ಲವೇ?
— ಐಟಿಐ ವಿದ್ಯಾರ್ಥಿ, ಕೋಲಾರ

'ಸ್ನೈಪರ್' ಇದೆಯಪ್ಪ. ಗದ್ದೆಯ ಕೆಸರಿಗೆ ಉದ್ದ ಕೊಕ್ಕು ಚುಚ್ಚಿ ಹುಳ ಹೆಕ್ಕುವ ಸ್ನೈಪ್ ಹಕ್ಕಿಯನ್ನು ಹೊಡೆಯುವುದು ಬಲು ಕಷ್ಟ, ಎದ್ದರೆ ಅಡ್ಡಾದಿಡ್ಡಿ ಹಾರುತ್ತದೆ. 1770ರ ದಶಕದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಊರಿಗೆ ಬರೆದ ಕಾಗದಗಳಲ್ಲಿ ಈ ಬೇಟೆಗೆ ಹೋದದ್ದನ್ನು ಹೇಳಿಕೊಂಡಿದ್ದಾರೆ. ಅಡಗಿ ಕೂತು ಮನುಷ್ಯರನ್ನು ಹೊಡೆಯುವವನಿಗೆ ಹೆಸರು ದಾಟಿದ್ದು ಆಮೇಲೆ. 'ಡಮ್‌ಡಮ್' ಗುಂಡೂ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯದೇ, 1899ರ ಹೇಗ್ ಸಮ್ಮೇಳನದಲ್ಲಿ ಅಂಥವನ್ನು ನಿಷೇಧಿಸಿದರು. ಇಂಥ ಕೊಡುಗೆಗೆ ಹೆಮ್ಮೆ ಪಡುವುದೋ ಬೇಡವೋ ನೀನೇ ತೀರ್ಮಾನಿಸು.

● ನಿಮಗೆ ಕಾರ್ಡಿನ ಮೇಲೆ ಕಾರ್ಡು ಬರೆಯುವ ಸುಬೇದಾರರು ನಮ್ಮ ಯಜಮಾನರು. ತೋಟದ ಎಳನೀರಿಗೆ ಬರುವ ಕೋತಿಗಳನ್ನು ಓಡಿಸಲು ಕವಣೆ ಹಿಡಿದು ಹೊರಡುತ್ತಾರೆ, ಕಲ್ಲು ಮಾತ್ರ ಪಕ್ಕದ ಮನೆಯ ನೀರಿನ ಟ್ಯಾಂಕಿಗೇ ಬೀಳುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಏನಂತಾರೆ ಮೇಡಂ? ಹೆಸರು ಹಾಕಬೇಡಿ.
— ಓದುಗರು, ಅರಸೀಕೆರೆ

ಹಾಕಿಲ್ಲ ತಾಯಿ. ಹುಬ್ಬಳ್ಳಿಯವರಿಗೆ ಕೊಟ್ಟ ಉತ್ತರ ಓದಿಕೊಳ್ಳಿ, ನಿಯಮದ ಪ್ರಕಾರ ಅದು ಕ್ರಾಸ್ ಫೈರ್, ಅಂಕ ಸೊನ್ನೆ. ಟ್ಯಾಂಕು ಸೋರಲು ಶುರುವಾದರೆ ಒಂದು ಕಾರ್ಡು ಹಾಕಿ. ಯಜಮಾನರ ಕೈಬರಹದಲ್ಲೇ ಬಂದರೆ ಇನ್ನೂ ಒಳ್ಳೆಯದು, ಮುಂದಿನ ಸಂಚಿಕೆಯಲ್ಲಿ ಅವರಿಗೆಂದು ಜಾಗ ಬಿಟ್ಟಿರುತ್ತೇನೆ.